‘ರೋಡ್ ಟ್ಯಾಕ್ಸ್ ಕಟ್ಟೋದು ನಾವು, ಫುಟ್‌ಪಾತ್ ಯಾಕೆ ಅವರಿಗೆ?’: ಈ ಮಾತಿನಲ್ಲಿ ನಿಜ ಎಷ್ಟು?

ಊರಿನಲ್ಲಿ ಎಲ್ಲಾದರೂ ಫುಟ್‌ಪಾತ್ ಅಗಲ ಮಾಡುವ ಸುದ್ದಿ ಬಂದರೆ ಸಾಕು, ಫ್ಯಾಮಿಲಿ ಗ್ರೂಪ್‌ನಿಂದ ಅಪಾರ್ಟ್‌ಮೆಂಟ್ ಗ್ರೂಪ್‌ವರೆಗೆ ಒಂದೇ ಧಾಟಿಯ ಮೆಸೇಜ್‌ಗಳು ಓಡಾಡತೊಡಗುತ್ತವೆ. ‘ಲಕ್ಷಗಟ್ಟಲೆ ರೋಡ್ ಟ್ಯಾಕ್ಸ್ ಕಟ್ಟೋದು ಗಾಡಿ ಇರೋರು. ಒಂದು ಪೈಸೆ ಕೊಡದವರಿಗೆ ರಸ್ತೆ ಬಿಟ್ಟುಕೊಡಬೇಕಾ?’, ‘ಸೈಕಲ್ ಟ್ರ್ಯಾಕ್ ಮಾಡಿದ್ರೂ ಯಾರೂ ಓಡಿಸಲ್ಲ, ದುಡ್ಡು ದಂಡ’, ‘ಜನ ಫೋನ್ ನೋಡ್ಕೊಂಡು ನಡೀತಾರೆ, ಅದಕ್ಕೇ ಆಕ್ಸಿಡೆಂಟ್ ಆಗೋದು’.

ಇವುಗಳಲ್ಲಿ ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ವೇಗವಾಗಿ ಹರಡುತ್ತದೆ. ಹಾಗಾಗಿ ಒಂದೊಂದನ್ನೇ ತೆಗೆದುಕೊಂಡು ಪರಿಶೀಲಿಸೋಣ.

ಓದಲು ಸಮಯ ಇಲ್ಲದವರಿಗೆ, ಚಿಕ್ಕದಾಗಿ:

- ವಾಹನ ತೆರಿಗೆ ರಸ್ತೆಯನ್ನು ಕೊಂಡುಕೊಂಡ ರಸೀದಿ ಅಲ್ಲ. ಅದು ಸರ್ಕಾರದ ಒಟ್ಟು ಬೊಕ್ಕಸಕ್ಕೆ ಸೇರುತ್ತದೆ. ನಡೆಯುವವರೂ ಅದೇ ಬೊಕ್ಕಸಕ್ಕೆ ತೆರಿಗೆ ಕಟ್ಟುತ್ತಾರೆ.
- 2022ರಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರು. ಇದಕ್ಕೆ ಅಜಾಗರೂಕತೆಯೊಂದೇ ಕಾರಣವಲ್ಲ. ವೇಗ ಮತ್ತು ರಸ್ತೆಯ ವಿನ್ಯಾಸ ದೊಡ್ಡ ಕಾರಣಗಳು.
- ತುಂಡು ತುಂಡಾಗಿ ಮಾಡಿದ ಸೈಕಲ್ ಪಥ ಸೋಲುತ್ತದೆ. ಜಾಲವಾಗಿ ಮಾಡಿದ್ದು ಗೆದ್ದ ಉದಾಹರಣೆಗಳಿವೆ.
- ‘ದುಡ್ಡು ಹಾಳು’ ಎಂಬ ಅನುಮಾನ ಕೆಲವು ಕಡೆ ನ್ಯಾಯವಾದದ್ದೇ. ಅದಕ್ಕೆ ಮದ್ದು ಲೆಕ್ಕ ಕೇಳುವುದು, ಕೆಲಸವನ್ನೇ ನಿಲ್ಲಿಸುವುದಲ್ಲ.

## ಮಾತು 1: ‘ರೋಡ್ ಟ್ಯಾಕ್ಸ್ ಕಟ್ಟೋದು ಗಾಡಿ ಇರೋರು, ರಸ್ತೆ ಅವರದ್ದು’

ನಾವು ‘ರೋಡ್ ಟ್ಯಾಕ್ಸ್’ ಎಂದು ಕರೆಯುವುದರ ನಿಜವಾದ ಹೆಸರು ಮೋಟಾರು ವಾಹನ ತೆರಿಗೆ. ಕರ್ನಾಟಕದಲ್ಲಿ ಅದನ್ನು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ವಸೂಲಿ ಮಾಡುತ್ತಾರೆ. ಹೆಸರೇ ಹೇಳುವ ಹಾಗೆ ಇದು ವಾಹನದ ಮೇಲಿನ ತೆರಿಗೆ. ಕಾರು, ಬೈಕು ಕೊಳ್ಳುವಾಗ ಆಜೀವ ತೆರಿಗೆ ಎಂದು ಒಂದೇ ಬಾರಿಗೆ ಕಟ್ಟುವುದೂ ಇದನ್ನೇ.

ಈ ಹಣ ಎಲ್ಲಿಗೆ ಹೋಗುತ್ತದೆ? ಸಂವಿಧಾನದ 266ನೇ ವಿಧಿಯಂತೆ ರಾಜ್ಯಕ್ಕೆ ಬರುವ ತೆರಿಗೆ ಹಣವೆಲ್ಲ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಹೊಳೆಗಳೆಲ್ಲ ಸೇರಿದ ಕೆರೆಯಲ್ಲಿ ಯಾವ ಹೊಳೆಯ ನೀರು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲವಲ್ಲ, ಹಾಗೆ. ಅದೇ ನಿಧಿಯಿಂದ ಶಾಲೆ, ಆಸ್ಪತ್ರೆ, ಪಿಂಚಣಿ, ರಸ್ತೆ ಎಲ್ಲಕ್ಕೂ ಹಣ ಹೋಗುತ್ತದೆ. ಮದ್ಯದ ಮೇಲೆ ಸುಂಕ ಕಟ್ಟಿದವರು ಆ ಹಣದಲ್ಲಿ ಕಟ್ಟಿದ ಶಾಲೆ ತಮ್ಮದು ಎನ್ನುವುದಿಲ್ಲ. ವಾಹನ ತೆರಿಗೆಯದ್ದೂ ಅದೇ ಲೆಕ್ಕ.

ಇನ್ನು ನಿಮ್ಮ ಮನೆಯ ಮುಂದಿನ ರಸ್ತೆ. ಊರೊಳಗಿನ ಬಹುಪಾಲು ರಸ್ತೆಗಳನ್ನು ನೋಡಿಕೊಳ್ಳುವುದು ನಗರಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ. ಅವುಗಳ ಸ್ವಂತ ಆದಾಯದ ದೊಡ್ಡ ಮೂಲ ಆಸ್ತಿ ತೆರಿಗೆ, ಉಳಿದದ್ದು ಸರ್ಕಾರದ ಅನುದಾನ. ಸ್ವಂತ ಮನೆ ಇದ್ದವರು ಆಸ್ತಿ ತೆರಿಗೆಯನ್ನು ನೇರವಾಗಿ ಕಟ್ಟುತ್ತಾರೆ. ಬಾಡಿಗೆಗೆ ಇರುವವರ ಬಾಡಿಗೆಯಲ್ಲೇ ಅದು ಸೇರಿರುತ್ತದೆ. ಅಂದರೆ ಬೆಳಿಗ್ಗೆ ಆರಕ್ಕೆ ಎದ್ದು ಮೂರು ಮನೆಗಳಿಗೆ ನಡೆದು ಹೋಗಿ ಕೆಲಸ ಮಾಡುವ ಮಹಿಳೆ ಕೂಡ ಬಾಡಿಗೆ ಕೊಡುವಾಗ, ಸೋಪು, ಚಪ್ಪಲಿ, ಬಿಸ್ಕತ್ತು ಕೊಂಡು ಜಿಎಸ್‌ಟಿ ಕೊಡುವಾಗ ಆ ರಸ್ತೆಗೆ ತನ್ನ ಪಾಲು ಕೊಡುತ್ತಿದ್ದಾರೆ.

ಇದರಲ್ಲಿ ಅರ್ಧ ನಿಜ ಎಲ್ಲಿದೆ ಎಂದರೆ, ಪೆಟ್ರೋಲು, ಡೀಸೆಲ್ ಮೇಲೆ ರಸ್ತೆ ಮತ್ತು ಮೂಲಸೌಕರ್ಯದ ಹೆಸರಿನಲ್ಲಿ ಕೇಂದ್ರ ಸರ್ಕಾರ ಸೆಸ್ ಹಾಕುತ್ತದೆ. ಹೆದ್ದಾರಿಗಳಲ್ಲಿ ಟೋಲ್ ಕೂಡ ಇದೆ. ಆದರೆ ಸೆಸ್ ಹಣ ಮುಖ್ಯವಾಗಿ ರಾಷ್ಟ್ರೀಯ ಹೆದ್ದಾರಿ, ರಾಜ್ಯಗಳ ಪ್ರಮುಖ ರಸ್ತೆ, ರೈಲ್ವೆ ಮುಂತಾದ ದೊಡ್ಡ ಕಾಮಗಾರಿಗಳಿಗೆ ಹೋಗುತ್ತದೆ. ನಿಮ್ಮ ಬಡಾವಣೆಯ ಅಡ್ಡರಸ್ತೆಯ ಒಡೆತನ ಅದರಿಂದ ಯಾರಿಗೂ ಸಿಗುವುದಿಲ್ಲ.

ಈ ವಾದ ನಮ್ಮಲ್ಲಷ್ಟೇ ಇರುವುದಲ್ಲ. ಬ್ರಿಟನ್ನಿನಲ್ಲಿ ವಾಹನ ತೆರಿಗೆಯನ್ನು ರಸ್ತೆಗೆಂದೇ ಮೀಸಲಿಡುವ ಪದ್ಧತಿ 1937ರಲ್ಲೇ ಮುಗಿಯಿತು. ಆದರೂ ಅಲ್ಲಿನ ಸೈಕಲ್ ಸವಾರರು ‘ನೀವು ರೋಡ್ ಟ್ಯಾಕ್ಸ್ ಕಟ್ಟಲ್ಲ’ ಎಂಬ ಮಾತನ್ನು ಇಂದಿಗೂ ಕೇಳಿಸಿಕೊಳ್ಳುತ್ತಾರೆ.

### ರಸ್ತೆಯನ್ನು ಸವೆಸುವುದು ಯಾರು?

‘ಬಳಸಿದವರು ಕೊಡಲಿ’ ಎಂಬ ತತ್ವವನ್ನೇ ಹಿಡಿದು ನೋಡೋಣ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ಭಾರದ ಲಾರಿಗಳನ್ನು ಪರೀಕ್ಷಾ ರಸ್ತೆಯ ಮೇಲೆ ಮತ್ತೆ ಮತ್ತೆ ಓಡಿಸಿ ರಸ್ತೆ ಎಷ್ಟು ಹಾಳಾಗುತ್ತದೆ ಎಂದು ಅಳೆದರು. ಅದರಿಂದ ಎಂಜಿನಿಯರ್‌ಗಳು ಇಂದಿಗೂ ಬಳಸುವ ಒಂದು ಸ್ಥೂಲ ಸೂತ್ರ ಸಿಕ್ಕಿತು. ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಹೆಚ್ಚುತ್ತದೆ (2 × 2 × 2 × 2).

ಈ ಸೂತ್ರ ಹಿಡಿದು ನಾವೇ ಒಂದು ಲೆಕ್ಕ ಮಾಡೋಣ. ಸೈಕಲ್ ಮತ್ತು ಸವಾರ ಸೇರಿ 90 ಕೆ.ಜಿ. ಎಂದುಕೊಳ್ಳಿ, ಒಂದು ಚಕ್ರಕ್ಕೆ 45 ಕೆ.ಜಿ. ಕಾರು 1,200 ಕೆ.ಜಿ. ಎಂದರೆ ಒಂದು ಆಕ್ಸಲ್‌ಗೆ 600 ಕೆ.ಜಿ. ಭಾರದಲ್ಲಿ ವ್ಯತ್ಯಾಸ 13 ಪಟ್ಟು, ಆದರೆ ಹಾನಿಯಲ್ಲಿ ವ್ಯತ್ಯಾಸ 30 ಸಾವಿರ ಪಟ್ಟಿಗಿಂತ ಹೆಚ್ಚು. ತುಂಬಿದ ಲಾರಿಯ ಮುಂದೆ ಕಾರಿನ ಹಾನಿ ಕೂಡ ಲೆಕ್ಕಕ್ಕೇ ಇಲ್ಲ. ಆದ್ದರಿಂದ ‘ಸವೆಸಿದವರು ಕೊಡಲಿ’ ಎನ್ನುವ ವಾದ ಸೈಕಲ್ ಸವಾರರ ವಿರುದ್ಧ ನಿಲ್ಲುವುದಿಲ್ಲ.

## ಮಾತು 2: ‘ಈಗ ಯಾರು ನಡೀತಾರೆ? ಎಲ್ಲರ ಹತ್ರಾನೂ ಗಾಡಿ ಇದೆ’

ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂಬ ಪ್ರಶ್ನೆಯನ್ನು 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಕೇಳಲಾಯಿತು. ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಬೇರೆ ಕೆಲಸ ಮಾಡುವ ಸುಮಾರು 20 ಕೋಟಿ ಜನರಲ್ಲಿ ಸುಮಾರು 4.5 ಕೋಟಿ ಮಂದಿ ನಡೆದೇ ಹೋಗುತ್ತಿದ್ದರು, ಸುಮಾರು 2.6 ಕೋಟಿ ಮಂದಿ ಸೈಕಲ್‌ನಲ್ಲಿ. ಕಾರು, ಜೀಪು, ವ್ಯಾನ್‌ನಲ್ಲಿ ಹೋಗುತ್ತಿದ್ದವರು ಅರ್ಧ ಕೋಟಿಯ ಆಸುಪಾಸು.

ಆಮೇಲೆ ಬೈಕು, ಕಾರುಗಳು ಬಹಳ ಹೆಚ್ಚಾಗಿವೆ, ನಿಜ. ಆದರೆ ಈ ಲೆಕ್ಕದಲ್ಲಿ ಶಾಲೆಗೆ ಹೋಗುವ ಮಕ್ಕಳು ಸೇರಿಲ್ಲ. ತರಕಾರಿಗೆ, ರೇಷನ್ ಅಂಗಡಿಗೆ, ದೇವಸ್ಥಾನಕ್ಕೆ, ಕ್ಲಿನಿಕ್‌ಗೆ ಹೋಗುವ ಹಿರಿಯರು ಸೇರಿಲ್ಲ. ಬಸ್ಸಿನಲ್ಲಿ ಹೋಗುವವರು ಬಸ್ಸಿನ ಲೆಕ್ಕಕ್ಕೆ ಬರುತ್ತಾರೆ, ಆದರೆ ಅವರೂ ಮನೆಯಿಂದ ಸ್ಟಾಪಿಗೆ, ಸ್ಟಾಪಿನಿಂದ ಕೆಲಸಕ್ಕೆ ನಡೆಯುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಕರ್ನಾಟಕದಲ್ಲಿ ಸರ್ಕಾರಿ ಬಸ್ ಹತ್ತುವ ಮಹಿಳೆಯರ ಸಂಖ್ಯೆ ಹೆಚ್ಚಿದೆ. ಟಿಕೆಟ್ ಉಚಿತವಾಯಿತು. ಆದರೆ ಸ್ಟಾಪಿನಲ್ಲಿ ಇಳಿದ ಮೇಲೆ ದೀಪವಿಲ್ಲದ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ರಾತ್ರಿ ಎಂಟು ಗಂಟೆಗೆ ನಡೆಯುವ ಹತ್ತು ನಿಮಿಷದ ದಾರಿ ಹಾಗೆಯೇ ಉಳಿದಿದೆ.

ಸೈಕಲ್‌ನದ್ದೂ ಇಂಥದ್ದೇ ಕಥೆ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹಲವು ವರ್ಷ ಲಕ್ಷಾಂತರ ಮಕ್ಕಳಿಗೆ ಸೈಕಲ್ ಸಿಕ್ಕಿತು. ಆದರೆ ಆ ಸೈಕಲ್ ಓಡಿಸಲು ಲಾರಿ, ಬಸ್ಸುಗಳಿಂದ ಬೇರೆಯಾದ ದಾರಿಯನ್ನು ಎಷ್ಟು ಊರುಗಳಲ್ಲಿ ಮಾಡಿದ್ದೇವೆ? ನಿಮ್ಮ ಊರಿನ ಹೈಸ್ಕೂಲ್ ಮುಂದಿನ ರಸ್ತೆಯನ್ನು ಒಮ್ಮೆ ನೆನಪಿಸಿಕೊಳ್ಳಿ, ಉತ್ತರ ಸಿಗುತ್ತದೆ.

## ಮಾತು 3: ‘ನಡೆಯೋರೇ ಸರಿಯಿಲ್ಲ, ಅದಕ್ಕೇ ಸಾಯ್ತಾರೆ’

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ದಿನಕ್ಕೆ ಸುಮಾರು 90 ಮಂದಿ. ಅವರು ಯಾವ ವಾಹನದಲ್ಲೂ ಇರಲಿಲ್ಲ, ಸುಮ್ಮನೆ ನಡೆಯುತ್ತಿದ್ದರು ಅಥವಾ ರಸ್ತೆ ದಾಟುತ್ತಿದ್ದರು. ಪ್ರಪಂಚದ ಲೆಕ್ಕವೂ ಇದೇ ದಾರಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾದಚಾರಿಗಳು, ಸೈಕಲ್ ಸವಾರರು, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ ಹೋಗುವವರು.

ಫೋನ್ ನೋಡಿಕೊಂಡು ರಸ್ತೆ ದಾಟುವವರು ಇದ್ದಾರೆ. ಸಿಗ್ನಲ್ ಕೆಂಪಿದ್ದಾಗ ಓಡುವವರೂ ಇದ್ದಾರೆ. ಅದು ತಪ್ಪೇ. ಆದರೆ ಮನುಷ್ಯ ಎಂದ ಮೇಲೆ ತಪ್ಪು ಮಾಡುತ್ತಾನೆ. ಆ ತಪ್ಪಿಗೆ ಒಂದು ಊರಿನಲ್ಲಿ ಮಂಡಿ ತರಚುತ್ತದೆ, ಇನ್ನೊಂದು ಊರಿನಲ್ಲಿ ಜೀವ ಹೋಗುತ್ತದೆ. ವ್ಯತ್ಯಾಸ ಎಲ್ಲಿದೆ? ಮುಖ್ಯವಾಗಿ ವೇಗದಲ್ಲಿ.

ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬಹುದು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಕಾರಿನ ವೇಗ 30ರಿಂದ 60 ಕಿ.ಮೀ.ಗೆ ಹೋದರೆ ಅದರ ಶಕ್ತಿ ನಾಲ್ಕು ಪಟ್ಟು. ಇದನ್ನು ಎತ್ತರಕ್ಕೆ ಬದಲಾಯಿಸಿ ನೋಡಿ. ಗಂಟೆಗೆ 30 ಕಿ.ಮೀ. ವೇಗ ಎಂದರೆ ಸುಮಾರು 3.5 ಮೀಟರ್ ಎತ್ತರದಿಂದ, ಅಂದರೆ ಮೊದಲ ಮಹಡಿಯಿಂದ ಬಿದ್ದಾಗ ನೆಲ ಮುಟ್ಟುವ ವೇಗ. 60 ಕಿ.ಮೀ. ಎಂದರೆ ಸುಮಾರು 14 ಮೀಟರ್, ನಾಲ್ಕನೇ ಮಹಡಿಗಿಂತಲೂ ಮೇಲೆ. ಮೊದಲ ಮಹಡಿಯಿಂದ ಬಿದ್ದವರು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ನಾಲ್ಕನೇ ಮಹಡಿಯದ್ದು ಹೇಳಬೇಕಿಲ್ಲ.

ಜೊತೆಗೆ, 60ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮಗು ಕಂಡು, ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

### ಫುಟ್‌ಪಾತ್ ಇದ್ದರೂ ಜನ ರಸ್ತೆಗೆ ಯಾಕೆ ಇಳಿಯುತ್ತಾರೆ?

ಫುಟ್‌ಪಾತ್ ಹೇಗಿರಬೇಕು ಎಂಬುದಕ್ಕೆ ಭಾರತದಲ್ಲಿ ಲಿಖಿತ ಮಾನದಂಡ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಐಆರ್‌ಸಿ 103 ಮಾರ್ಗಸೂಚಿಯಂತೆ, ನಡೆಯಲು ಯಾವ ಅಡ್ಡಿಯೂ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಇರಬೇಕು. ರಸ್ತೆಯಿಂದ ಫುಟ್‌ಪಾತ್ 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರು ದಾಟಿಹೋಗಲು 1.8 ಮೀಟರ್ ಬೇಕು. ಅಜ್ಜಿಯೊಬ್ಬರು ಮಂಡಿನೋವಿನಲ್ಲೂ ಹತ್ತಿ ಇಳಿಯಬಹುದಾದ ಎತ್ತರ 150 ಮಿಲಿಮೀಟರ್.

ಈಗ ನಿಮ್ಮ ರಸ್ತೆಗೆ ಬನ್ನಿ. ಚರಂಡಿಯ ಮೇಲೆ ಚಪ್ಪಡಿ ಹಾಸಿ ಅದನ್ನೇ ಫುಟ್‌ಪಾತ್ ಎಂದು ಕರೆದಿರುತ್ತಾರೆ. ನಡುವೆ ಒಂದು ಚಪ್ಪಡಿ ಕುಸಿದಿರುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕದಲ್ಲಿ ಕೇಬಲ್ ಸುರುಳಿ, ಆಮೇಲೆ ನಿಲ್ಲಿಸಿದ ನಾಲ್ಕು ಬೈಕು. ಪ್ರತಿ ಗೇಟಿನ ಮುಂದೆ ಕಾರು ಇಳಿಯಲು ಇಳಿಜಾರು, ಹತ್ತಿ ಇಳಿದು ಹತ್ತಿ ಇಳಿದು ಸಾಕಾಗುತ್ತದೆ. ಜನ ರಸ್ತೆಗೆ ಇಳಿಯುವುದು ಶಿಸ್ತಿಲ್ಲದ್ದಕ್ಕಲ್ಲ, ಅಲ್ಲಿ ಮಾತ್ರ ಕಾಲಿಡಲು ಜಾಗವಿರುವುದಕ್ಕೆ.

‘ಬೀದಿ ವ್ಯಾಪಾರಿಗಳೇ ಫುಟ್‌ಪಾತ್ ತಿಂದಿದ್ದಾರೆ’ ಎಂಬ ಮಾತೂ ಬರುತ್ತದೆ. ಕೆಲವು ಕಡೆ ಜಾಗ ಕಿರಿದಾಗಿರುವುದು ನಿಜ. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಸಮೀಕ್ಷೆ ಮಾಡಿ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಅವರಿಗೆ ಜಾಗ ಗೊತ್ತುಮಾಡಬೇಕು ಎನ್ನುತ್ತದೆ. ಅಲ್ಲದೆ ಸೊಪ್ಪಿನವರು, ಹೂವಿನವರು ಇರುವ ರಸ್ತೆಯಲ್ಲಿ ರಾತ್ರಿ ಬೆಳಕು ಮತ್ತು ಜನ ಇರುತ್ತಾರೆ. ಒಂಟಿಯಾಗಿ ನಡೆಯುವವರಿಗೆ ಅದೊಂದು ಧೈರ್ಯ. ಫುಟ್‌ಪಾತ್ ಅಗಲವಾಗಿದ್ದರೆ ಇಬ್ಬರಿಗೂ ಜಾಗ ಇರುತ್ತದೆ.

## ಮಾತು 4: ‘ಸೈಕಲ್ ಟ್ರ್ಯಾಕ್ ಮಾಡಿದ್ರೂ ಯಾರೂ ಬಳಸಲ್ಲ’

ಇದು ಅರ್ಧ ನಿಜದ ಒಳ್ಳೆಯ ಉದಾಹರಣೆ. 2012ರ ಸುಮಾರಿಗೆ ಬೆಂಗಳೂರಿನ ಜಯನಗರದಲ್ಲಿ ಸೈಕಲ್ ಪಥ ಮಾಡಿದಾಗ ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ತಾತ್ಕಾಲಿಕ ಸೈಕಲ್ ಪಥ ಮಾಡಿದಾಗ ಅದರೊಳಗೆ ಬೈಕುಗಳು ನುಗ್ಗಿದವು. ಇವನ್ನು ಕಂಡವರಿಗೆ ‘ದುಡ್ಡು ದಂಡ’ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಇದರಿಂದ ಯಾವ ತೀರ್ಮಾನಕ್ಕೆ ಬರಬೇಕು? ಮಲೆನಾಡಿನಲ್ಲಿ ಹಳ್ಳ ದಾಟಲು ಕಾಲುಸಂಕ ಹಾಕುತ್ತಾರೆ. ಅರ್ಧ ಹಳ್ಳದವರೆಗೆ ಮಾತ್ರ ಸಂಕ ಹಾಕಿ, ‘ನೋಡಿ, ಯಾರೂ ದಾಟಲಿಲ್ಲ, ಇಲ್ಲಿನ ಜನಕ್ಕೆ ಸಂಕ ಬೇಡ’ ಎಂದರೆ ಹೇಗಿರುತ್ತದೆ? ಸೈಕಲ್ ಪಥವೂ ಹಾಗೆಯೇ. ಮನೆಯಿಂದ ಕಾಲೇಜಿಗೆ ಐದು ಕಿ.ಮೀ. ಇದ್ದು, ಅದರಲ್ಲಿ ನಾಲ್ಕು ಕಿ.ಮೀ. ಸುರಕ್ಷಿತವಾಗಿದ್ದು, ಒಂದು ಕಿ.ಮೀ. ಲಾರಿಗಳ ನಡುವೆ ಹೋಗಬೇಕು ಎಂದರೆ ಯಾವ ಅಪ್ಪ ಅಮ್ಮ ಮಗಳನ್ನು ಸೈಕಲ್‌ನಲ್ಲಿ ಕಳಿಸುತ್ತಾರೆ?

ಪೂರ್ತಿ ಸಂಕ ಹಾಕಿದ ಊರು ಸ್ಪೇನಿನ ಸೆವಿಲ್. 2006ಕ್ಕೆ ಮೊದಲು ಅಲ್ಲಿ ಸೈಕಲ್‌ನಲ್ಲಿ ಓಡಾಡುವವರ ಪಾಲು ಶೇ. 1ಕ್ಕಿಂತ ಕಡಿಮೆ ಇತ್ತು. ನಾಲ್ಕೈದು ವರ್ಷಗಳಲ್ಲಿ, ವಾಹನಗಳಿಂದ ಬೇರ್ಪಟ್ಟ, ಒಂದಕ್ಕೊಂದು ಕೂಡಿಕೊಂಡ ಸುಮಾರು 120 ಕಿ.ಮೀ. ಪಥವನ್ನು ನಿರ್ಮಿಸಿದರು. ಸೈಕಲ್ ಪಾಲು ಶೇ. 6ರಿಂದ 7ಕ್ಕೆ ಏರಿತು. ಇಡೀ ಜಾಲಕ್ಕೆ ಆದ ಖರ್ಚು ಸುಮಾರು 3.2 ಕೋಟಿ ಯೂರೋ. ದೊಡ್ಡ ನಗರವೊಂದು ಮೇಲ್ಸೇತುವೆಗಳಿಗೆ ಸುರಿಯುವ ಹಣದ ಮುಂದೆ ಇದು ಸಣ್ಣ ಮೊತ್ತ.

‘ನೆದರ್ಲೆಂಡ್ಸ್ ಜನ ಹುಟ್ಟಿನಿಂದಲೇ ಸೈಕಲ್‌ನವರು’ ಎಂಬುದೂ ಪೂರ್ತಿ ಸರಿಯಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ತುಂಬಿ ಸೈಕಲ್ ಬಳಕೆ ಕುಸಿಯಿತು. 1971ರಲ್ಲಿ ಆ ಪುಟ್ಟ ದೇಶದಲ್ಲಿ ಸುಮಾರು 3,300 ಮಂದಿ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ತಂದೆತಾಯಿಯರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಸೇರಿಕೊಂಡಿತು. ಸರ್ಕಾರ ಹಣ ಹಾಕತೊಡಗಿತು. ಈಗಿನ ಸ್ಥಿತಿ ದಶಕಗಳ ಖರ್ಚಿನ ಫಲ, ರಕ್ತದಲ್ಲಿ ಬಂದದ್ದಲ್ಲ.

ನಮ್ಮಲ್ಲೂ ಪ್ರಯತ್ನಗಳಿವೆ. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಸೇವೆ ಸುಮಾರು 450 ಸೈಕಲ್‌ಗಳೊಂದಿಗೆ ಶುರುವಾಯಿತು. ಸೈಕಲ್ ಕೊಡುವುದು ಒಂದು ಹೆಜ್ಜೆ, ಅದನ್ನು ನಿರ್ಭಯವಾಗಿ ಓಡಿಸುವ ದಾರಿ ಕೊಡುವುದು ಮುಂದಿನ ಹೆಜ್ಜೆ.

## ಮಾತು 5: ‘ನಮ್ಮ ಬಿಸಿಲು, ಹೊಗೆಯಲ್ಲಿ ನಡೆದ್ರೆ ಆರೋಗ್ಯ ಹಾಳು’

ಬೇಸಿಗೆಯಲ್ಲಿ ಸೆವಿಲ್‌ನ ತಾಪಮಾನ 40 ಡಿಗ್ರಿ ಮುಟ್ಟುತ್ತದೆ. ಬಿಸಿಲಿಗೆ ಉತ್ತರ ಮರ. ರಸ್ತೆ ಅಗಲ ಮಾಡಲು ಮರ ಕಡಿದರೆ ಮೊದಲು ಸುಡುವುದು ನಡೆಯುವವರ ತಲೆ. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಂತೂ ನೆರಳಿಲ್ಲದ ಫುಟ್‌ಪಾತ್ ಅರ್ಧ ಫುಟ್‌ಪಾತ್ ಮಾತ್ರ.

ಹೊಗೆಯ ವಿಷಯದಲ್ಲಿ 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ಒಂದು ಅಧ್ಯಯನ ಬಂತು. ವ್ಯಾಯಾಮದ ಲಾಭ ಮತ್ತು ಮಾಲಿನ್ಯದ ನಷ್ಟವನ್ನು ತಕ್ಕಡಿಯಲ್ಲಿಟ್ಟು ಲೆಕ್ಕ ಹಾಕಿದ್ದರು. ದೆಹಲಿಯಂಥ ಕಲುಷಿತ ನಗರದಲ್ಲೂ ವಾರಕ್ಕೆ ಐದು ಗಂಟೆಗಿಂತ ಹೆಚ್ಚು ಸೈಕಲ್ ತುಳಿದಾಗ ಮಾತ್ರ ನಷ್ಟದ ತಟ್ಟೆ ಭಾರವಾಗುತ್ತದೆ ಎಂದು ಕಂಡಿತು. ಇದು ಗಣಿತದ ಮಾದರಿಯಿಂದ ಬಂದ ಸರಾಸರಿ ಲೆಕ್ಕ. ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರ ಮಾತು ಕೇಳಬೇಕು.

ಇನ್ನೊಂದು ಬದಿಯನ್ನೂ ನೋಡಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2024ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಷ್ಟು ಚಟುವಟಿಕೆ ಮಾಡುವುದಿಲ್ಲ. ‘ದಿನಾ ವಾಕಿಂಗ್ ಮಾಡಿ’ ಎಂದು ಡಾಕ್ಟರು ಹೇಳುತ್ತಾರೆ. ಎಲ್ಲಿ ಮಾಡಬೇಕು ಎನ್ನುವುದಕ್ಕೆ ಉತ್ತರ ಕೊಡಬೇಕಾದ್ದು ಪಾಲಿಕೆ.

## ಮಾತು 6: ‘ಇದಕ್ಕೆಲ್ಲ ಹಣ ಎಲ್ಲಿದೆ? ಮೊದಲು ರಸ್ತೆ ಅಗಲ ಮಾಡಿ’

ರಸ್ತೆ ಅಗಲ ಮಾಡಿದರೆ ಟ್ರಾಫಿಕ್ ಕಡಿಮೆ ಆಗುತ್ತದೆ ಎಂಬುದು ಸಹಜವಾದ ಊಹೆ. ಆದರೆ 2011ರಲ್ಲಿ ಅಮೆರಿಕದ ನಗರಗಳ ಮೇಲೆ ನಡೆದ ಪ್ರಸಿದ್ಧ ಅಧ್ಯಯನವೊಂದು, ರಸ್ತೆ ಎಷ್ಟು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು ಎಂದು ತೋರಿಸಿತು. ಖಾಲಿ ರಸ್ತೆ ಕಂಡರೆ ಹೊಸ ಗಾಡಿಗಳು ಬಂದು ತುಂಬಿಕೊಳ್ಳುತ್ತವೆ.

ಅದೇ ಜಾಗದಲ್ಲಿ ಎಷ್ಟು ಜನ ಸಾಗಬಹುದು ಎಂದು ಕೇಳಿದರೆ ಲೆಕ್ಕ ಬೇರೆ ಬರುತ್ತದೆ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಒಕ್ಕೂಟದ ಅಂದಾಜಿನಂತೆ ಸುಮಾರು ಮೂರು ಮೀಟರ್ ಅಗಲದ ಒಂದು ಪಥದಲ್ಲಿ ಗಂಟೆಗೆ:

- ಕಾರುಗಳಲ್ಲಿ 600ರಿಂದ 1,600 ಜನ
- ಬೇರ್ಪಡಿಸಿದ ಸೈಕಲ್ ಪಥದಲ್ಲಿ 7,500 ಜನ
- ಫುಟ್‌ಪಾತ್‌ನಲ್ಲಿ 9,000 ಜನ

ನಮ್ಮ ದೇಶದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳೂ ಇದೇ: ಸಾಗಿಸಬೇಕಾದ್ದು ಜನರನ್ನು, ವಾಹನಗಳನ್ನಲ್ಲ.

ಎಷ್ಟು ಹಣ ಇಡಬೇಕು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2016ರಲ್ಲಿ, ಸಾರಿಗೆ ಬಜೆಟ್ಟಿನ ಕನಿಷ್ಠ ಶೇ. 20ನ್ನು ನಡಿಗೆ ಮತ್ತು ಸೈಕಲ್‌ಗೆ ಇಡಿ ಎಂದು ದೇಶಗಳಿಗೆ ಸಲಹೆ ಮಾಡಿತು. ಪಕ್ಕದ ಚೆನ್ನೈ ಪಾಲಿಕೆ ಇನ್ನೂ ಮುಂದೆ ಹೋಗಿ, 2014ರ ತನ್ನ ನೀತಿಯಲ್ಲಿ ಸಾರಿಗೆ ಬಜೆಟ್ಟಿನ ಶೇ. 60ನ್ನು ಇದಕ್ಕೇ ಮೀಸಲಿಡುವುದಾಗಿ ಹೇಳಿತು. ಅಲ್ಲಿ ನೂರಾರು ರಸ್ತೆಗಳ ಪಕ್ಕದ ಫುಟ್‌ಪಾತ್ ಬದಲಾದವು. 2019ರಲ್ಲಿ ಅಂಗಡಿಗಳ ಬೀದಿಯಾದ ಪಾಂಡಿ ಬಜಾರ್‌ನಲ್ಲಿ ನಡೆಯುವವರಿಗೆಂದೇ ವಿಶಾಲ ಜಾಗ ತೆರೆಯಿತು.

ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ರಸ್ತೆಗಳನ್ನು ನೋಡಿದವರಿಗೆ ವ್ಯತ್ಯಾಸ ಗೊತ್ತು. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಮ್ಯೂಸಿಯಂ ರಸ್ತೆ ಮುಂತಾದ ಕಡೆ ವಾಹನಗಳಿಗೆ ಒಂದೇ ಅಗಲದ ಪಥ ಕೊಟ್ಟು, ಉಳಿದ ಜಾಗವನ್ನು ಫುಟ್‌ಪಾತ್‌ಗೆ ಸೇರಿಸಿದರು. ನೀರು, ವಿದ್ಯುತ್, ಕೇಬಲ್, ಒಳಚರಂಡಿ ಎಲ್ಲಕ್ಕೂ ನೆಲದಡಿ ದಾರಿ ಮಾಡಿಟ್ಟರು. ಮೊದಲ ಖರ್ಚು ಹೆಚ್ಚು ಎಂದು ಟೀಕೆ ಬಂತು, ಅದು ನಿಜವೂ ಹೌದು. ಆದರೆ ಪದೇ ಪದೇ ರಸ್ತೆ ಅಗೆದು ಮುಚ್ಚುವ ಖರ್ಚನ್ನು ಉಳಿಸುವುದೇ ಆ ವಿನ್ಯಾಸದ ಉದ್ದೇಶ.

### ‘ಚೆನ್ನಾಗಿರೋ ಟೈಲ್ಸ್ ಕಿತ್ತು ಮತ್ತೆ ಹಾಕ್ತಾರಲ್ಲ?’

ಈ ಸಿಟ್ಟು ನ್ಯಾಯವಾದದ್ದು. ಗಟ್ಟಿಯಾಗಿರುವ ಫುಟ್‌ಪಾತ್ ಕಿತ್ತು, ಎರಡು ಮಳೆಗೆ ಅಲುಗಾಡುವ ಟೈಲ್ಸ್ ಹಾಕುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ರೇಷನ್‌ನಲ್ಲಿ ಅಕ್ಕಿ ತೂಕ ಕಡಿಮೆ ಬಂದರೆ ‘ರೇಷನ್ನೇ ಬೇಡ’ ಎನ್ನುವುದಿಲ್ಲ, ತೂಕ ಸರಿಮಾಡಿ ಎನ್ನುತ್ತೇವೆ. ಫುಟ್‌ಪಾತ್‌ಗೂ ತೂಕ ಕೇಳಬೇಕು. ಅಗಲ 1.8 ಮೀಟರ್ ಇದೆಯಾ? ಎತ್ತರ 150 ಮಿಲಿಮೀಟರ್ ಒಳಗಿದೆಯಾ? ಕೆಲಸ ಮುಗಿದ ಮೇಲೆ ನಿರ್ವಹಣೆ ಯಾರ ಹೊಣೆ, ಎಷ್ಟು ವರ್ಷ?

ಎಲ್ಲಕ್ಕೂ ಕೋಟಿಗಟ್ಟಲೆ ಬೇಕಾಗಿಯೂ ಇಲ್ಲ. ಶಾಲೆಯ ಮುಂದೆ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್, ಅಗಲ ರಸ್ತೆಯ ನಡುವೆ ನಿಂತು ಸುಧಾರಿಸಿಕೊಳ್ಳಲು ಒಂದು ಕಟ್ಟೆ, ದಾಟಲು ಸಾಕಷ್ಟು ಸೆಕೆಂಡ್ ಕೊಡುವ ಸಿಗ್ನಲ್, ಉರಿಯುವ ಬೀದಿದೀಪ, ಮುಚ್ಚಿದ ಚರಂಡಿ. ಸ್ಕೈವಾಕ್‌ಗಿಂತ ಇವು ಅಗ್ಗ. ಅಲ್ಲದೆ ಎರಡು ಮಹಡಿ ಹತ್ತಿ ಇಳಿಯಲಾಗದ ಗರ್ಭಿಣಿ, ಅಜ್ಜ, ಮೂಟೆ ಹೊತ್ತವರು ಎಲ್ಲರೂ ಇವನ್ನು ಬಳಸಬಹುದು.

## ಕಾನೂನು ಏನನ್ನುತ್ತದೆ?

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸರಿಯಾದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ವಿಕಲಚೇತನರಿಗೂ ಅವು ಬಳಸುವಂತಿರಬೇಕು ಎಂದಿತು. 2017ರ ವಾಹನ ಚಾಲನಾ ನಿಯಮಗಳಂತೆ ಫುಟ್‌ಪಾತ್ ಮತ್ತು ಸೈಕಲ್ ಪಥದ ಮೇಲೆ ವಾಹನ ಓಡಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಪ್ರಕಾರ, ಸುರಕ್ಷತಾ ಮಾನದಂಡ ಪಾಲಿಸದೆ ಮಾಡಿದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಅಧಿಕಾರಿ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಅಂದರೆ ಫುಟ್‌ಪಾತ್ ಕೇಳುವವರು ಉಪಕಾರ ಬೇಡುತ್ತಿಲ್ಲ, ಹಕ್ಕು ಕೇಳುತ್ತಿದ್ದಾರೆ.

## ಹಾಗಾದರೆ ನಾವೇನು ಮಾಡಬಹುದು?

- ಅಳೆಯಿರಿ. ಒಂದು ಟೇಪು ಹಿಡಿದು ನಿಮ್ಮ ರಸ್ತೆಯ ಫುಟ್‌ಪಾತ್ ಅಗಲ, ಎತ್ತರ ನೋಡಿ, ಫೋಟೊ ತೆಗೆಯಿರಿ. ‘ಫುಟ್‌ಪಾತ್ ಸರಿಯಿಲ್ಲ’ ಎನ್ನುವುದಕ್ಕಿಂತ ‘1.8 ಮೀಟರ್ ಇರಬೇಕಾದ್ದು 70 ಸೆಂಟಿಮೀಟರ್ ಇದೆ’ ಎಂಬ ದೂರಿಗೆ ತೂಕ ಹೆಚ್ಚು.
- ಲೆಕ್ಕ ಕೇಳಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕೊಟ್ಟು, ನಿಮ್ಮ ವಾರ್ಡಿನಲ್ಲಿ ಕಳೆದ ಮೂರು ವರ್ಷ ಫುಟ್‌ಪಾತ್‌ಗೆ ಎಷ್ಟು, ಡಾಂಬರಿಗೆ ಎಷ್ಟು ಖರ್ಚಾಗಿದೆ ಎಂದು ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.
- ಸಭೆಗೆ ಹೋಗಿ. ವಾರ್ಡ್ ಸಮಿತಿ ಇರಲಿ, ಗ್ರಾಮಸಭೆ ಇರಲಿ, ಬಜೆಟ್ ಮಾಡುವ ಮುಂಚೆ ಕೇಳಿದರೆ ಫಲ ಹೆಚ್ಚು. ಶಾಲೆಯ ಸುತ್ತಲಿನ ರಸ್ತೆಯಿಂದ ಶುರುಮಾಡಿ.
- ನಮ್ಮ ಗಾಡಿಯನ್ನೂ ನೋಡಿಕೊಳ್ಳೋಣ. ‘ಎರಡೇ ನಿಮಿಷ’ ಎಂದು ಫುಟ್‌ಪಾತ್ ಮೇಲೆ ನಿಲ್ಲಿಸುವ ಬೈಕು ಒಬ್ಬರನ್ನು ರಸ್ತೆಗೆ ಇಳಿಸುತ್ತದೆ.

ಮುಂದಿನ ಬಾರಿ ಆ ‘ರೋಡ್ ಟ್ಯಾಕ್ಸ್’ ಮೆಸೇಜ್ ಗ್ರೂಪ್‌ಗೆ ಬಂದರೆ, ಜಗಳ ಬೇಡ. ಇಷ್ಟು ಬರೆದರೆ ಸಾಕು: ‘ವಾಹನ ತೆರಿಗೆ ರಾಜ್ಯದ ಒಟ್ಟು ನಿಧಿಗೆ ಹೋಗುತ್ತದೆ. ಊರಿನ ರಸ್ತೆಗೆ ಎಲ್ಲರೂ ತೆರಿಗೆ ಕಟ್ಟುತ್ತೇವೆ. 2022ರಲ್ಲಿ ದಿನಕ್ಕೆ ಸುಮಾರು 90 ಪಾದಚಾರಿಗಳು ಸತ್ತಿದ್ದಾರೆ. ಗಾಡಿ ನಿಲ್ಲಿಸಿ ಇಳಿದ ಮೇಲೆ ನಾವೂ ಪಾದಚಾರಿಗಳೇ.’